ತೊಟ್ಟು ಬಿಟ್ಟ ಹಣ್ಣು



ಜಕ್ಕಲಿಯ ನಮ್ಮ ಹಿತ್ತಲಿನಲ್ಲಿ ಈ ಬೇಸಿಗೆಯಲ್ಲಿ 14 ಕರಬೂಜದ ಹಣ್ಣುಗಳು ದೊರೆತವು. ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳ ವಿವೇಚನೆಗೆ ಮೀಸಲಾದ ಈ ಅಂಕಣದಲ್ಲಿ ಕರಬೂಜದ ಲೆಕ್ಕವೇಕೆಂದು ವಾಚಕರು ಕೇಳಬಹುದು. ಪ್ರಸಾದವು ಮೊದಲು ಪದಾರ್ಥವಾಗಿರುತ್ತದೆ. ಪದಾರ್ಥವು ಮೊದಲು ಮಣ್ಣಿನಲ್ಲಿರುತ್ತದೆ. ಮಣ್ಣಿನಿಂದ ಕೈಗೆ ಬರುವವರೆಗಿನ ಅದರ ನಡೆಯನ್ನು ಅರಿಯದವನು ಪ್ರಸಾದದ ವಿಷಯವಾಗಿ ಎಷ್ಟು ಗ್ರಂಥಗಳನ್ನು ಓದಿದರೂ ಅರ್ಧ ಮಾತ್ರ ಅರಿತಂತೆ. ಅದಲ್ಲದೆ ಈ ವರ್ಷದ ಬಳ್ಳಿಗಳು ನನಗೊಂದು ಪಾಠವನ್ನು ಹೇಳಿದವು. ಅದನ್ನು ನನ್ನ ಓರಗೆಯ ಹಿರಿಯರ ಮುಂದೆ ಇಡಬೇಕೆಂಬುದೇ ಈ ಬರಹದ ಉದ್ದೇಶ.

ಕರ್ನಾಟಕ ಏಕೀಕರಣಕ್ಕಾಗಿ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರೆಂದು ಜಕ್ಕಲಿಯನ್ನು ನಾಡು ಬಲ್ಲದು. ರೋಣದ ಸೀಮೆಯ ಈ ನೆಲ ಎರೆಯ ನೆಲ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳಿಗೆ ಹೇಳಿ ಮಾಡಿಸಿದ್ದು. ಹಣ್ಣಿನ ತೋಟಕ್ಕೆ ಅಷ್ಟು ಸುಲಭವಾಗಿ ಒಲಿಯದು. ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಸುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟು ಬೇರನ್ನು ಹರಿಯುತ್ತದೆ. ಕರಬೂಜವಾದರೋ ಮರಳು ಬೆರೆತ ಹಗುರವಾದ ಮಣ್ಣನ್ನು, ನೀರು ಬಸಿದು ಹೋಗುವ ನೆಲವನ್ನು ಬಯಸುವ ಬಳ್ಳಿ. ಉತ್ತರದಲ್ಲಿ ಯಮುನೆ, ಗಂಗೆ, ನರ್ಮದೆ, ತಪತಿಗಳ ನೀರು ಇಳಿದ ಮೇಲೆ ಆ ನದಿಗಳ ಮರಳುಪಾತ್ರದಲ್ಲಿಯೇ ಗುಂಡಿ ತೆಗೆದು ಇದನ್ನು ಬೆಳೆಯುವ ಪದ್ಧತಿ ಬಹುಕಾಲದಿಂದ ಇದೆ.

ಈ ಹಣ್ಣಿನ ಹೆಸರು ಪಾರಸಿ ಭಾಷೆಯ ಮೂಲಕ ನಮಗೆ ಬಂದುದು. 1526ರಲ್ಲಿ ದೆಹಲಿಯನ್ನು ಗೆದ್ದ ಬಾಬರನು ಈ ದೇಶದಲ್ಲಿ ತನ್ನ ಸೀಮೆಯಂತಹ ಕರಬೂಜವಿಲ್ಲವೆಂದು ಹಲುಬಿದುದನ್ನೂ, ಮುಂದೆ ತವರಿನಿಂದ ಬಂದ ಹಣ್ಣನ್ನು ಕೊಯ್ಯುವಾಗ ಕಣ್ಣೀರು ತಂದುದನ್ನೂ, ಆಗ್ರಾದ ತನ್ನ ತೋಟದಲ್ಲಿ ಇದನ್ನು ಬೆಳೆಸಿ ಸಂತೋಷಪಟ್ಟುದನ್ನೂ ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. ರಾಜ್ಯವನ್ನು ಗೆದ್ದವನಿಗೂ ಊರ ಹಣ್ಣಿನ ನೆನಪು ಬಿಡಲಿಲ್ಲ! ಪಾಶ್ಚಾತ್ಯರು ಇದರ ಒಂದು ಬಗೆಯನ್ನು ಕ್ಯಾಂಟಲೂಪ್ ಎನ್ನುತ್ತಾರೆ. ರೋಮ್ ನಗರದ ಸಮೀಪದ ಕ್ಯಾಂಟಲೂಪೊ ಎಂಬ ಊರಿನಿಂದ ಆ ಹೆಸರು ಬಂದಿತೆಂದು ಹೇಳುವರು. ನಮ್ಮ ಕೆಕ್ಕರಿಕೆಯೂ ಇದೇ ಕುಲದ್ದು. ಹಣ್ಣಾದೊಡನೆ ಒಡಲು ಬಿರಿದು ಹಿಟ್ಟುಹಿಟ್ಟಾಗುವ ಕೆಕ್ಕರಿಕೆಗೆ ಬೆಲ್ಲ ಬೆರೆಸಿ ತಿಂದ ನೆನಪು ನನ್ನ ವಯಸ್ಸಿನವರಿಗೆಲ್ಲ ಇರಬೇಕು.

ಎರೆಯ ನೆಲದಲ್ಲಿ ಕರಬೂಜ ಬೆಳೆಯುವ ಉಪಾಯವನ್ನು ತಾಯಂದಿರ ಅನುಕೂಲಕ್ಕಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ಮೊಳಕಾಲುದ್ದ ಅಗಲ, ಅಷ್ಟೇ ಆಳದ ಕುಣಿಗಳನ್ನು ತೋಡಬೇಕು. ತೆಗೆದ ಎರೆಯನ್ನು ಅರ್ಧ ಮಾತ್ರ ಹಿಂದಕ್ಕೆ ಹಾಕಿ, ಉಳಿದರ್ಧಕ್ಕೆ ಮಸಾರಿ ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ, ನೆಲಮಟ್ಟಕ್ಕಿಂತ ಗೇಣು ಮೇಲೆ ಬರುವಂತೆ ಏರಿಸಬೇಕು. ಕುಣಿಯಿಂದ ಕುಣಿಗೆ 5 ಅಡಿ ಅಂತರವಿರಲಿ. ಬೀಜವನ್ನು ಒಂದು ರಾತ್ರಿ ನೆನೆಸಿ, ತೇವದ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಣ್ಣು ಬಿಡುವಾಗ ಕುಣಿಗೆ ನಾಲ್ಕರಂತೆ ಬೆರಳ ಮೊದಲ ಗೆಣ್ಣಿನಷ್ಟು ಆಳದಲ್ಲಿ ಊರಬೇಕು. ಎರಡೆಲೆಯ ಮೇಲೆ ಮತ್ತೆರಡೆಲೆ ಬಂದಾಗ ಗಟ್ಟಿಯಾದ ಎರಡು ಸಸಿಗಳನ್ನು ಉಳಿಸಿ ಉಳಿದವನ್ನು ಕತ್ತರಿಸಿಬಿಡಬೇಕು. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ. ಎಳೆಯ ಎಲೆಗಳಿಗೆ ಕೆಂಪು ದುಂಬಿಯ ಕಾಟ ಬಂದರೆ ನಸುಕಿನಲ್ಲಿ, ಇಬ್ಬನಿ ಆರುವ ಮೊದಲು, ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸುವುದು ನಮ್ಮ ಹಿರಿಯರ ರೂಢಿ.

ತಳಿಯ ವಿಷಯದಲ್ಲಿ, ಬೆಂಗಳೂರಿನ ಸಮೀಪ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಆಯ್ದು ಬಿಡುಗಡೆ ಮಾಡಿದ ಅರ್ಕಾ ಜೀತ್ ಮತ್ತು ಅರ್ಕಾ ರಾಜಹಂಸ ತಳಿಗಳು ಪ್ರಸಿದ್ಧವಾದುವು. ಮೊದಲನೆಯದು ಚಿಕ್ಕ ಗಾತ್ರದ, ಕಿತ್ತಳೆ ಬಣ್ಣದ ಸಿಪ್ಪೆಯ ಹಣ್ಣು. ಎರಡನೆಯದು ಅದಕ್ಕಿಂತ ದೊಡ್ಡದು. ಎರಡರ ತಿರುಳೂ ಬಿಳಿಯ ಬಣ್ಣದ್ದು. ಸವತೆಯ ಬಳ್ಳಿ ಪಕ್ಕದಲ್ಲಿದ್ದರೆ ಕರಬೂಜ ಸಪ್ಪೆಯಾಗುತ್ತದೆಂಬ ಮಾತನ್ನು ಅನೇಕರು ನಂಬಿದ್ದಾರೆ, ಅದು ನಿಜವಲ್ಲ. ಎಳೆಯದಾಗಿ ಹಸಿಯಾಗಿ ತಿನ್ನುವ ಸವತೆಗೂ ಕರಬೂಜಕ್ಕೂ ಸಂಕರವಾಗದು. ಕೆಕ್ಕರಿಕೆಯೊಡನೆ ಸಂಕರವಾಗುತ್ತದೆ, ಆದರೆ ಅದರ ಪರಿಣಾಮ ಕಾಣುವುದು ಆ ಬೀಜವನ್ನು ಮುಂದಿನ ವರ್ಷ ಬಿತ್ತಿದಾಗ, ಈ ವರ್ಷದ ಹಣ್ಣಿನಲ್ಲಿ ಅಲ್ಲ. ಈ ವರ್ಷದ ಹಣ್ಣು ಸಪ್ಪೆಯಾದರೆ ತಪ್ಪು ನೆರೆಯವರದಲ್ಲ, ನಮ್ಮದು.

ಬಳ್ಳಿಯಲ್ಲಿ ಮೊದಲು ಅರಳುವುವು ಗಂಡು ಹೂಗಳು. ಅವು ಉದುರಿದುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಕಾಯಿ ಕಟ್ಟುವ ಹೂಗಳು ಕೆಲವು ದಿನಗಳ ನಂತರ ಪಕ್ಕದ ಕುಡಿಗಳಲ್ಲಿ ಬರುತ್ತವೆ. ಅಂತಹ ಹೂವಿನ ಆಯುಷ್ಯ ಒಂದೇ ದಿನ. ಆ ದಿನದ ಮುಂಜಾವಿನಲ್ಲಿ ಜೇನುಹುಳು ಒಮ್ಮೆಯಲ್ಲ, ಹಲವು ಬಾರಿ ಬಂದುಹೋದರೆ ಮಾತ್ರ ಕಾಯಿ ಸರಿಯಾಗಿ ತುಂಬುತ್ತದೆ. ಆದಕಾರಣ ಹೂವಿನ ಕಾಲದಲ್ಲಿ ವಿಷದ ಔಷಧಗಳನ್ನು ಸಿಂಪಡಿಸುವುದು ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತೆ. ಕಾಯಿ ನಿಂಬೆಯಷ್ಟಾದ ಮೇಲೆ ಅದರ ಕೆಳಗೆ ಜೋಳದ ರವದಿಯನ್ನು ಹಾಸಬೇಕು. ಒದ್ದೆ ನೆಲದ ಮೇಲೆ ಮಲಗಿದ ಕಾಯಿ ಕೊಳೆಯುತ್ತದೆ. ಹಣ್ಣುನೊಣದ ಬಾಧೆ ತಪ್ಪಿಸಲು ಕಾಗದ ಅಥವಾ ಹಳೆಯ ಬಟ್ಟೆಯ ಚೀಲವನ್ನು ತೊಡಿಸಬಹುದು. ನೊಣ ಚುಚ್ಚಿದ ಕಾಯಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹುಗಿಯಬೇಕು. ನಮ್ಮಲ್ಲಿ ಮೂರು ಕಾಯಿಗಳು ಹೀಗೆ ಹೋದವು.

ನೀರಿನ ಮಾತು ಬೇರೆ. ನಮ್ಮ ಸೀಮೆಯಲ್ಲಿ ಬೇಸಿಗೆಯ ನೀರಿನ ಬೆಲೆ ಎಲ್ಲರಿಗೂ ತಿಳಿದದ್ದೇ. ಅಕ್ಕಿ, ಬೇಳೆ, ಕಾಯಿಪಲ್ಯೆ ತೊಳೆದ ನೀರನ್ನು ಕೊಡದಲ್ಲಿ ಕೂಡಿಟ್ಟು ನಾಲ್ಕು ದಿನಕ್ಕೊಮ್ಮೆ ಬುಡಕ್ಕೆ ಮಾತ್ರ ಹಾಕಿದೆವು. ಎಲೆ ತೊಯ್ದರೆ ರೋಗಕ್ಕೆ ಆಹ್ವಾನ ಕೊಟ್ಟಂತೆ. ಹಣ್ಣಾಗುವ ಕೊನೆಯ ವಾರದಲ್ಲಿ ನೀರನ್ನು ಇನ್ನೂ ಕಡಿಮೆ ಮಾಡಬೇಕು. ಆಗ ಹೆಚ್ಚು ನೀರುಣಿಸಿದರೆ ಹಣ್ಣು ಬಿರಿಯುತ್ತದೆ, ಸಿಹಿ ತೆಳುವಾಗುತ್ತದೆ. ಬೇಕಾದಾಗ ಕೊಡುವುದಕ್ಕಿಂತ ಬೇಡವಾದಾಗ ನಿಲ್ಲಿಸುವುದು ಕಷ್ಟವೆಂಬುದನ್ನು ಮಕ್ಕಳನ್ನು ಸಾಕಿದ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಯಿ ಕಟ್ಟಿದ ದಿನದಿಂದ ಹಣ್ಣಾಗಲು ಸುಮಾರು 35ರಿಂದ 45 ದಿನ ಬೇಕು. ಅದರ ಕೊನೆಯ ಹತ್ತು ದಿನಗಳು ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸುವ ದಿನಗಳು.

ನಾನು ಮಠದಲ್ಲಿ ಓದುತ್ತಿದ್ದ ಕಾಲ. ಹನ್ನೊಂದು ವರ್ಷದ ಹುಡುಗ. ಮಠದ ತೋಟದಲ್ಲಿ ಕರಬೂಜದ ಬಳ್ಳಿಗಳಿದ್ದವು. ಬಲೆ ಹೆಣೆದಂತೆ ಗೆರೆಗಳು ಮೂಡಿದ ಒಂದು ದೊಡ್ಡ ಕಾಯಿಯ ಮೇಲೆ ನನ್ನ ಕಣ್ಣು ಬಿತ್ತು. ಮಾವಿನ ಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದನ್ನು ಕಂಡಿದ್ದೆ. ಅದರಂತೆಯೇ ಇದೂ ಎಂದು ಭಾವಿಸಿ, ಒಂದು ಸಂಜೆ ಅದನ್ನು ತಿರುಚಿ ಕಿತ್ತು ಉಗ್ರಾಣದ ಜೋಳದ ಚೀಲದಲ್ಲಿ ಹುಗಿದಿಟ್ಟೆ. ನಾಲ್ಕು ದಿನಗಳ ನಂತರ ತೆಗೆದಾಗ ಅದು ಮೆತ್ತಗಾಗಿತ್ತು, ಹಳದಿಗೆ ತಿರುಗಿತ್ತು. ಗೆದ್ದೆನೆಂದು ಹಿಗ್ಗಿ ಕೊಯ್ಯುತ್ತಿರುವಾಗಲೇ ಪೂಜ್ಯರು ಬಂದುಬಿಟ್ಟರು. ಬಯ್ಯಲಿಲ್ಲ. ‘ಕಿತ್ತವನು ನೀನು, ಪೂರ್ತಿ ನೀನೇ ತಿನ್ನು’ ಎಂದು ಎದುರಿಗೆ ಕುಳಿತರು. ನೆನೆಸಿದ ಅರಳೆಯನ್ನು ಅಗಿದಂತಿತ್ತು. ಕೊನೆಯ ಹೋಳಿನವರೆಗೂ ತಿನ್ನಿಸಿ, ‘ಇದು ಮಾವಲ್ಲ. ಇದರ ಸಿಹಿ ಇದರೊಳಗೆ ಇರುವುದಿಲ್ಲ, ಬಳ್ಳಿಯಿಂದ ಬರುತ್ತದೆ’ ಎಂದು ಹೇಳಿ ಎದ್ದುಹೋದರು.

ಅವರ ಮಾತು ಎಷ್ಟು ನಿಜವೆಂಬುದನ್ನು ನಾನು ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಓದಿ ತಿಳಿದುದು ಬಹಳ ವರ್ಷಗಳ ಮೇಲೆ. ಮಾವು, ಬಾಳೆಗಳು ಕಾಯಾಗಿರುವಾಗಲೇ ಪಿಷ್ಟವನ್ನು ಒಡಲಲ್ಲಿ ಕೂಡಿಟ್ಟುಕೊಂಡಿರುತ್ತವೆ. ಕಿತ್ತ ಮೇಲೂ ಆ ಪಿಷ್ಟ ಸಕ್ಕರೆಯಾಗುತ್ತದೆ. ಕರಬೂಜಕ್ಕೆ ಅಂತಹ ಗಂಟಿಲ್ಲ. ಎಲೆಗಳು ಬಿಸಿಲಿನಲ್ಲಿ ಸಿದ್ಧಪಡಿಸಿದ ಸಕ್ಕರೆ ದಿನದಿನವೂ ತೊಟ್ಟಿನ ಮೂಲಕ ಇಳಿದುಬರಬೇಕು. ಅದರಲ್ಲಿಯೂ ಹೆಚ್ಚಿನ ಪಾಲು ಇಳಿಯುವುದು ಕೊನೆಯ ದಿನಗಳಲ್ಲಿ. ಬೇಗ ಕಿತ್ತ ಹಣ್ಣು ಮೆತ್ತಗಾಗಬಹುದು, ಬಣ್ಣ ತಾಳಬಹುದು, ಅಲ್ಪಸ್ವಲ್ಪ ಪರಿಮಳವನ್ನೂ ಬೀರಬಹುದು. ಸಿಹಿ ಮಾತ್ರ ಕಿತ್ತ ಕ್ಷಣದಲ್ಲಿ ಎಷ್ಟಿತ್ತೋ ಅಷ್ಟೇ. ದೂರದ ಪೇಟೆಗೆ ಲಾರಿಯಲ್ಲಿ ಹೋಗಬೇಕಾದ ಹಣ್ಣನ್ನು ಗಟ್ಟಿಯಿರುವಾಗಲೇ ಕೀಳುವುದು ವ್ಯಾಪಾರಿಗೆ ಅನಿವಾರ್ಯ. ಹಿತ್ತಲಿನವನಿಗೆ ಆ ಅವಸರವಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಿದ್ದರೂ ಹಿತ್ತಲ ಕರಬೂಜದ ರುಚಿಗೆ ಪೇಟೆಯದು ಎಣೆಯಾಗದಿರುವ ಕಾರಣ ಇದೇ.

ಹಾಗಾದರೆ ಹಣ್ಣಾದುದನ್ನು ತಿಳಿಯುವುದು ಹೇಗೆ? ನಮ್ಮ ಆಚಾರ್ಯರು ಅರ್ಪಿತವನ್ನು ವಿವರಿಸುವಾಗ ಗಂಧ, ರಸ, ರೂಪ, ಸ್ಪರ್ಶ, ಶಬ್ದ, ತೃಪ್ತಿಗಳೆಂಬ ಆರು ಪದಾರ್ಥಗಳನ್ನು ಹೇಳಿದ್ದಾರೆ. ಘ್ರಾಣದ ಮುಖದಿಂದ ಗಂಧವು ಆಚಾರಲಿಂಗಕ್ಕೆ, ಜಿಹ್ವೆಯಿಂದ ರಸವು ಗುರುಲಿಂಗಕ್ಕೆ, ನೇತ್ರದಿಂದ ರೂಪವು ಶಿವಲಿಂಗಕ್ಕೆ, ತ್ವಕ್ಕಿನಿಂದ ಸ್ಪರ್ಶವು ಜಂಗಮಲಿಂಗಕ್ಕೆ, ಶ್ರೋತ್ರದಿಂದ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದಿಂದ ತೃಪ್ತಿಯು ಮಹಾಲಿಂಗಕ್ಕೆ ಸಲ್ಲಬೇಕು. ಕರಬೂಜವನ್ನು ಪರೀಕ್ಷಿಸುವ ಕ್ರಮವೂ ಹೆಚ್ಚುಕಡಿಮೆ ಇದೇ. ರೂಪವನ್ನು ನೋಡಿ: ಬಲೆಯ ಗೆರೆಗಳ ನಡುವಿನ ಹಸಿರು ಮಾಸಿ ಹುಲ್ಲಿನ ಹಳದಿಗೆ ತಿರುಗಿರಬೇಕು. ಗಂಧವನ್ನು ನೋಡಿ: ತೊಟ್ಟಿನ ಎದುರು ತುದಿಯಲ್ಲಿ ಮೂಗಿಟ್ಟರೆ ಪರಿಮಳ ತಾನಾಗಿ ಬರಬೇಕು. ಸ್ಪರ್ಶವನ್ನು ನೋಡಿ: ಅದೇ ತುದಿ ಹೆಬ್ಬೆರಳಿಗೆ ಸ್ವಲ್ಪ ಮಣಿಯಬೇಕು. ಬಡಿದು ಶಬ್ದ ಕೇಳುವುದು ಕಲ್ಲಂಗಡಿಗೆ ಸಲ್ಲುವ ಪರೀಕ್ಷೆ. ಇದಕ್ಕೆ ಅಷ್ಟಾಗಿ ಸಲ್ಲದು. ಎಲ್ಲಕ್ಕಿಂತ ಮಿಗಿಲಾದ ಗುರುತು ತೊಟ್ಟಿನದು. ಹಣ್ಣು ಬಲಿತಂತೆ ತೊಟ್ಟು ಹಣ್ಣನ್ನು ಸೇರುವಲ್ಲಿ ಸುತ್ತಲೂ ಒಂದು ಸೀಳುಗೆರೆ ಮೂಡುತ್ತದೆ. ಅದು ಪೂರ್ಣವಾದ ದಿನ ಹಣ್ಣನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಎತ್ತಿದರೆ ಸಾಕು, ಬಳ್ಳಿ ಅದನ್ನು ಬಿಟ್ಟುಕೊಡುತ್ತದೆ. ಎಳೆತವಿಲ್ಲ, ತಿರುಚುವಿಕೆಯಿಲ್ಲ, ಬಳ್ಳಿಗೆ ಗಾಯವಿಲ್ಲ.

ಋಗ್ವೇದದ ಏಳನೆಯ ಮಂಡಲದಲ್ಲಿ ಬರುವ ಮೃತ್ಯುಂಜಯ ಮಂತ್ರವನ್ನು ನಮ್ಮಲ್ಲಿ ಅನೇಕರು ನಿತ್ಯ ಜಪಿಸುತ್ತಾರೆ. ಅದರಲ್ಲಿನ ‘ಉರ್ವಾರುಕ’ವೆಂಬುದು ಇದೇ ಸವತೆ-ಕರಬೂಜಗಳ ವಂಶದ ಹಣ್ಣು. ಮೃತ್ಯುವಿನ ಬಂಧನದಿಂದ ಬಿಡುಗಡೆ ಬೇಡುವ ಋಷಿಗೆ ಮರದಿಂದ ಧೊಪ್ಪನೆ ಬೀಳುವ ಹಣ್ಣು ನೆನಪಾಗಲಿಲ್ಲ. ನೆಲದ ಮೇಲೆ ಮಲಗಿದ್ದು, ಸದ್ದಿಲ್ಲದೆ ತೊಟ್ಟು ಕಳಚುವ ಹಣ್ಣು ನೆನಪಾಯಿತು. ನಲವತ್ತು ವರ್ಷ ಆ ಮಂತ್ರಕ್ಕೆ ಅರ್ಥ ಹೇಳಿದ ನಾನು ಅದರ ಹಣ್ಣನ್ನು ನಿಜವಾಗಿ ಕಂಡುದು ಈ ಬೇಸಿಗೆಯಲ್ಲಿ, ಮೊಮ್ಮಗಳು ‘ಅಜ್ಜಾ, ನಾನು ಕಿತ್ತಿಲ್ಲ, ಅದೇ ಬಂತು’ ಎಂದು ಹೆದರುತ್ತ ಹಣ್ಣನ್ನು ಕೈಯಲ್ಲಿ ಹಿಡಿದು ಬಂದಾಗ.

ಆದರೆ ಎಲ್ಲ ಕರಬೂಜಗಳೂ ಹೀಗೆ ತೊಟ್ಟು ಬಿಡುವುದಿಲ್ಲ. ಹನಿಡ್ಯೂ ಎಂಬ ನುಣುಪು ಸಿಪ್ಪೆಯ ಜಾತಿಯೊಂದಿದೆ. ಅದು ಹಣ್ಣಾದರೂ ಬಳ್ಳಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಣ್ಣವನ್ನು ನೋಡಿ ಕಾಲವನ್ನು ಅರಿತು ಚಾಕುವಿನಿಂದಲೇ ತೊಟ್ಟನ್ನು ಕತ್ತರಿಸಬೇಕು. ಕಾಲ ಮೀರಿ ಬಿಟ್ಟರೆ ಒಳಗೊಳಗೇ ಹುಳಿತು ಹೋಗುತ್ತದೆ. ಇದನ್ನು ಓದಿದ ದಿನ ನನ್ನ ಮನಸ್ಸು ಚುರುಕ್ಕೆಂದಿತು. ಏಕೆಂದರೆ ನಾನೂ ಆ ಜಾತಿಯವನೇ.

ನನ್ನ ಮಗನಿಗೆ ನಲವತ್ತು ದಾಟಿದೆ. ಹೊಲವನ್ನು ಉಳುವವನು, ಬಿತ್ತುವವನು ಅವನು. ಉತಾರ ಮಾತ್ರ ನನ್ನ ಹೆಸರಿನಲ್ಲಿದೆ. ಬೆಳೆಸಾಲವಾಗಲಿ, ಬೆಳೆವಿಮೆಯಾಗಲಿ, ಹನಿ ನೀರಾವರಿಯ ಸಹಾಯಧನವಾಗಲಿ ಉತಾರದ ಹೆಸರನ್ನೇ ಕೇಳುತ್ತವೆ. ಎರಡು ವರ್ಷಗಳಿಂದ ಅವನು ಹನಿ ನೀರಾವರಿಯ ಮಾತನ್ನು ತೆಗೆಯುತ್ತಿದ್ದಾನೆ. ‘ನೋಡೋಣ’ ಎಂಬುದೇ ನನ್ನ ಉತ್ತರವಾಗಿತ್ತು. ಬೇಡವೆನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಸಹಿಗಾಗಿ ಅವನು ನನ್ನ ಮುಂದೆ ನಿಲ್ಲುವುದು ನನಗೆ ಬೇಕಾಗಿತ್ತು, ಅಷ್ಟೇ. ಅಪರಿಗ್ರಹದ ಮೇಲೆ ಗಂಟೆಗಟ್ಟಲೆ ಪ್ರವಚನ ಮಾಡುವ ನಾಲಿಗೆ ಮನೆಯೊಳಗೆ ಹೀಗೆ ನಡೆದುಕೊಂಡಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯನು ಲಿಂಗೈಕ್ಯನಾಗಿ ವರುಷಗಳು ಸಂದರೂ ಉತಾರದಲ್ಲಿ ಅವನ ಹೆಸರೇ ಕುಳಿತಿರುವುದನ್ನು, ಆ ಹೆಸರಿನ ಸುತ್ತ ಅಣ್ಣತಮ್ಮಂದಿರು ಮಾತು ಬಿಟ್ಟಿರುವುದನ್ನು ಕಂಡುದರಿಂದ ಬರೆಯುತ್ತಿದ್ದೇನೆ.

ಬಸವ ಜಯಂತಿಯ ದಿನ ಮಗನನ್ನೂ ಹುಬ್ಬಳ್ಳಿಯಿಂದ ಬಂದ ಮಗಳನ್ನೂ ಕೂಡ್ರಿಸಿಕೊಂಡು ಮಾತನಾಡಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ದೇಶಕ್ಕೆಲ್ಲ ಅನ್ವಯವಾದ ಮಾತು. ಆ ಕಾಯ್ದೆಯು ವೀರಶೈವ-ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಹೆಣ್ಣುಗಂಡೆಂಬ ಭೇದವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದಿದ್ದರೂ, ಮಗಳ ಪಾಲಿನ ಮಾತನ್ನು ನಾನು ಆ ದಿನದವರೆಗೆ ಎತ್ತಿರಲಿಲ್ಲ. ವಿಭಾಗಪತ್ರದ ಕರಡು ಈಗ ಸಿದ್ಧವಾಗುತ್ತಿದೆ. ನನ್ನ ಓರಗೆಯವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ತಂದೆತಾಯಿಗಳು ತಮ್ಮ ಆಸ್ತಿಯನ್ನು ದಾನವಾಗಿ ಬರೆದುಕೊಡುವಾಗ ತಮ್ಮ ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಷರತ್ತು ಮುರಿದರೆ ಆ ಪತ್ರವನ್ನು ರದ್ದುಪಡಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಅವಕಾಶವಿದೆ. ಬಿಟ್ಟುಕೊಡುವುದೆಂದರೆ ಬೀದಿಗೆ ಬೀಳುವುದಲ್ಲ. ಹಣ್ಣೂ ಹಸನಾದ ಹುಲ್ಲುಹಾಸಿನ ಮೇಲೆಯೇ ಕಳಚಿಕೊಳ್ಳುತ್ತದೆ.

ಕೊನೆಗೆ ಉಣ್ಣುವ ಮಾತು. ಕರಬೂಜವನ್ನು ಕೊಯ್ಯುವ ಮೊದಲು ಸಿಪ್ಪೆಯನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು. ಬಲೆಯ ಗೆರೆಗಳಲ್ಲಿ ಮಣ್ಣೂ ರೋಗಾಣುಗಳೂ ಅಡಗಿರುತ್ತವೆ. ಚಾಕು ಅವನ್ನು ತಿರುಳಿಗೆ ಒಯ್ಯುತ್ತದೆ. 2011ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ತೋಟದ ಇಂತಹ ಹಣ್ಣುಗಳಿಂದ ಲಿಸ್ಟೀರಿಯಾ ಎಂಬ ರೋಗಾಣು ಹರಡಿ 33 ಜನ ಸತ್ತರು. ಕೊಯ್ದ ಹಣ್ಣನ್ನು ಬಿಸಿಲಿನ ಝಳದಲ್ಲಿ ಇಡದೆ ಆಗಲೇ ತಿನ್ನಬೇಕು, ಇಲ್ಲವೆ ತಂಪಿನಲ್ಲಿ ಮುಚ್ಚಿಡಬೇಕು. ಹಣ್ಣಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದುದರಿಂದ ಚೈತ್ರ-ವೈಶಾಖದ ಉರಿಗೆ ಇದು ತಕ್ಕ ಆಹಾರ. ಸಣ್ಣ ಹೋಳುಗಳಿಗೆ ಪುಡಿಬೆಲ್ಲ, ಏಲಕ್ಕಿ, ಹಸಿಕೊಬ್ಬರಿಯ ಹಾಲು ಬೆರೆಸಿದರೆ ರಸಾಯನವಾಗುತ್ತದೆ. ಬೀಜವನ್ನು ಎಸೆಯಬಾರದು, ತೊಳೆದು ಒಣಗಿಸಿ ಸುಲಿದರೆ ಉಂಡಿಗೆ, ಪಾಯಸಕ್ಕೆ ಒದಗುತ್ತದೆ.

ನಮ್ಮ 14 ಹಣ್ಣುಗಳಲ್ಲಿ ಮೊದಲನೆಯದು ಮಠಕ್ಕೆ ಹೋಯಿತು. ಐದು ನೆರೆಹೊರೆಯ ಮನೆಗಳಿಗೆ, ಎರಡು ಮಗಳ ಚೀಲಕ್ಕೆ, ಉಳಿದವು ಮನೆಗೆ. ಗಂಧ ರಸ ರೂಪಗಳು ಒಬ್ಬನಿಗೇ ದೊರೆಯಬಹುದು. ಹೃದಯದ ಮುಖದಿಂದ ಅರ್ಪಿಸಬೇಕಾದ ತೃಪ್ತಿ ಹಂಚಿದ ಮೇಲೆಯೇ ಬರುವುದೆಂದು ನನಗೆ ತೋರುತ್ತದೆ. ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮಪ್ರಭುಗಳನ್ನು ಗೊಗ್ಗಯ್ಯನೆಂಬ ತೋಟಿಗನ ಬಳಿಗೆ ಕರೆತಂದಿದ್ದಾನೆ. ಹೊರಗಿನ ತೋಟದಲ್ಲಿ ಅಗೆಯುತ್ತಿದ್ದವನಿಗೆ ಪ್ರಭುದೇವರು ಒಳಗಿನ ತೋಟವನ್ನು ತೋರಿಸಿದರು. ನನ್ನ ಪಾಲಿಗೆ ದಾರಿ ತಿರುವುಮುರುವಾಯಿತು: ಒಳಗಿನ ತೋಟದ ಮಾತನ್ನೇ ಆಡುತ್ತ ಬಂದವನಿಗೆ ಹೊರಗಿನ ತೋಟದ ಐದು ಕುಣಿಗಳು ಕಣ್ಣು ತೆರೆಸಬೇಕಾಯಿತು.

ಮುಂದಿನ ಸಂಕ್ರಾಂತಿಗೆ ಕುಣಿ ತೋಡುವವರು ಈಗಿನಿಂದಲೇ ಗೊಬ್ಬರವನ್ನು ಕಳಿಯಲು ಹಾಕಿರಿ. ಬಳ್ಳಿಯ ಮೇಲಿನ ಕಾಯಿಯನ್ನು ಮಕ್ಕಳು ಅವಸರದಿಂದ ಕಿತ್ತರೆ ಬಯ್ಯಬೇಡಿರಿ. ಎದುರಿಗೆ ಕುಳಿತು ತಿನ್ನಿಸಿರಿ. ಉತಾರದ ವಿಷಯದಲ್ಲಿ ಮಾತ್ರ ಸಂಕ್ರಾಂತಿಯವರೆಗೆ ಕಾಯಬೇಡಿರಿ.